ನಿಮ್ಮ ಎಚ್‌ಆರ್‌ನವರಿಗೆ ತಿಂಗಳಿಗೊಂದು ಶನಿವಾರ ಬಿಟ್ಟುಕೊಡಿ: ಕೊಡಗಿನ ಮಾಲೀಕರಿಗೊಂದು ಬಹಿರಂಗ ಪತ್ರ

ಕೊಡಗಿನ ಕಾಫಿ ತೋಟಗಳ ಮಾಲೀಕರಿಗೆ, ಕ್ಯೂರಿಂಗ್ ವರ್ಕ್ಸ್, ರೆಸಾರ್ಟ್, ಆಸ್ಪತ್ರೆ, ಶಾಲೆ-ಕಾಲೇಜು ನಡೆಸುತ್ತಿರುವ ಹಿರಿಯರಿಗೆ,

ನಮಸ್ಕಾರ.

ನಾನು ಈ ಜಿಲ್ಲೆಯಲ್ಲಿ ಹದಿನಾರು ವರ್ಷದಿಂದ ಸಿಬ್ಬಂದಿ ವಿಭಾಗದ ಕೆಲಸ ಮಾಡುತ್ತಿರುವವಳು. ಮೊದಲು ಕಾಫಿ ಕಾಳು ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಆಮೇಲೆ ರೆಸಾರ್ಟ್ ಒಂದರಲ್ಲಿ, ಈಗ ನಾಲ್ಕಾರು ತೋಟಗಳ ಚೆಕ್‌ರೋಲು ಅಂದರೆ ಹಾಜರಿ ಪುಸ್ತಕ, ಬಟವಾಡೆ, ಪಿಎಫ್ ಎಲ್ಲ ಒಟ್ಟಿಗೆ ನೋಡಿಕೊಳ್ಳುವ ಕಚೇರಿಯಲ್ಲಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ನಿಮ್ಮ ಸಂಸ್ಥೆಯಲ್ಲಿ ಎಚ್‌ಆರ್ ಕೆಲಸ ನೋಡುವವರು ಯಾರೇ ಇರಲಿ, ಅವರ ಹುದ್ದೆಯ ಹೆಸರು ಮ್ಯಾನೇಜರ್ ಅಂತಿರಲಿ, ರೈಟರ್ ಅಂದರೆ ತೋಟದ ಗುಮಾಸ್ತ ಅಂತಿರಲಿ, ಅಕೌಂಟೆಂಟೇ ಆ ಕೆಲಸವನ್ನೂ ಮಾಡುತ್ತಿರಲಿ, ಅವರಿಗೆ ತಿಂಗಳಲ್ಲಿ ಒಂದು ಶನಿವಾರ ಬಿಡುವು ಕೊಡಿ. ತಮ್ಮ ವೃತ್ತಿಯ ಸಂಘಕ್ಕೆ ಅವರು ಸದಸ್ಯರಾಗಲಿ, ಸಭೆಗೆ ಹೋಗಿ ಬರಲಿ. ಶುಲ್ಕವನ್ನು ಸಂಸ್ಥೆಯೇ ಕಟ್ಟಲಿ.

ಇದನ್ನು ಕೇಳುವ ಹಕ್ಕು ನನಗೆ ಹೇಗೆ ಬಂತು ಅಂತ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕು.

ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದಾಗ ಕಾಳು ಹೆಕ್ಕುವ ವಿಭಾಗದ ಹೆಂಗಸೊಬ್ಬರು ಇಪ್ಪತ್ತೆರಡು ವರ್ಷ ದುಡಿದು ಕೆಲಸ ಬಿಟ್ಟರು. ವರ್ಷಪೂರ್ತಿ ಹಾಜರಾತಿ ಇದ್ದವರು, ತಿಂಗಳ ಸಂಬಳದವರು. ಕಪ್ಪುಕಾಳು, ಒಡಕು ಕಾಳು ಆರಿಸಿ ಆರಿಸಿ ಕಣ್ಣು ಮಂಜಾಗಿತ್ತು. ಕೊನೆಯ ಸಂಬಳ 9,100 ರೂಪಾಯಿ. ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕೊಡುವ ಹಣ, ಅದರ ಲೆಕ್ಕ ಹಾಕಿದವಳು ನಾನು. ಹಳೆಯ ಫೈಲಿನಲ್ಲಿ ಹೇಗಿತ್ತೋ ಹಾಗೇ ಸಂಬಳವನ್ನು 30ರಿಂದ ಭಾಗಿಸಿ, ಹದಿನೈದು ದಿನಕ್ಕೆ ಗುಣಿಸಿ, ಇಪ್ಪತ್ತೆರಡು ವರ್ಷಕ್ಕೆ 1,00,100 ರೂಪಾಯಿ ಅಂತ ಬರೆದೆ. ಚೆಕ್ಕು ಕೈಗಿಟ್ಟಾಗ ಅವರು ಎರಡೂ ಕೈ ಮುಗಿದರು. ನನಗೂ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಎಂಟು ತಿಂಗಳ ನಂತರ ಮೈಸೂರಿನಲ್ಲಿ ನಮ್ಮ ವೃತ್ತಿ ಸಂಘದ ಸಭೆಗೆ ಮೊದಲ ಸಲ ಹೋದೆ. ಉಪನ್ಯಾಸದ ವಿಷಯ ಬೇರೇನೋ ಇತ್ತು, ಈಗ ಅದು ನೆನಪಿಲ್ಲ. ಚಹಾದ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸಿಬ್ಬಂದಿ ಅಧಿಕಾರಿಯಾಗಿದ್ದವರು, ಕ್ಯೂರಿಂಗ್‌ನ ಕೆಲಸದ ಬಗ್ಗೆ ವಿಚಾರಿಸಿದರು. ಮಾತಿನ ಮಧ್ಯೆ ನಾನು ಗ್ರಾಚ್ಯುಟಿ ಲೆಕ್ಕ ಹೇಳಿದೆ. ಅವರು ಲೋಟ ಕೆಳಗಿಟ್ಟು, "ಅಮ್ಮಾ, ಮೂವತ್ತಲ್ಲ, ಇಪ್ಪತ್ತಾರು" ಅಂದರು. ತಿಂಗಳ ಸಂಬಳದವರಿಗೆ 26ರಿಂದ ಭಾಗಿಸಬೇಕು ಅಂತ ಗ್ರಾಚ್ಯುಟಿ ಕಾಯ್ದೆಯಲ್ಲೇ 1987ರ ತಿದ್ದುಪಡಿಯಿಂದ ಸ್ಪಷ್ಟವಾಗಿ ಬರೆದಿತ್ತು. ಅಂದರೆ ದಿನಕ್ಕೆ 350 ರೂಪಾಯಿ, ಒಟ್ಟು 1,15,500. ಆ ತಾಯಿಗೆ ನಾನು 15,400 ರೂಪಾಯಿ ಕಡಿಮೆ ಕೊಡಿಸಿದ್ದೆ.

ಬಸ್ಸಿನಲ್ಲಿ ವಾಪಸು ಬರುವಾಗ ಬೈಲಕುಪ್ಪೆ ದಾಟುವವರೆಗೂ ನನಗೆ ಅಳು ನಿಲ್ಲಲಿಲ್ಲ. ಸೋಮವಾರ ಮ್ಯಾನೇಜರರಿಗೆ ಹೇಳಿದೆ. ಅವರು ಒಳ್ಳೆಯವರು, ಒಂದು ಮಾತೂ ಆಡದೆ ಹಳೆಯ ಫೈಲುಗಳನ್ನೆಲ್ಲ ತೆಗೆಸಿದರು. ಹನ್ನೊಂದು ಮಂದಿಗೆ ಅದೇ ತಪ್ಪು ಆಗಿತ್ತು. ಎಂಟು ಮಂದಿಯನ್ನು ಹುಡುಕಿ ಬಾಕಿ ಕೊಟ್ಟೆವು. ಇಬ್ಬರು ತೀರಿಕೊಂಡಿದ್ದರು, ಅವರ ಮಕ್ಕಳಿಗೆ ತಲುಪಿಸಿದೆವು. ಒಬ್ಬರು ಎಲ್ಲಿದ್ದಾರೆ ಅಂತ ಇವತ್ತಿಗೂ ಪತ್ತೆಯಿಲ್ಲ.

ಈ ತಪ್ಪನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ನನಗಿಂತ ಹಿಂದಿನವರು ಅವರಿಗಿಂತ ಹಿಂದಿನವರ ಫೈಲು ನೋಡಿ ಬರೆದಿದ್ದರು. ಕೊಡಗಿನ ಕಚೇರಿಗಳಲ್ಲಿ ಕೆಲಸ ಕಲಿಯುವುದೇ ಹೀಗೆ. ತೋಟ ಒಂದು ಗುಡ್ಡದಾಚೆ, ಕಚೇರಿಯಲ್ಲಿ ಈ ಕೆಲಸ ಗೊತ್ತಿರುವವರು ಒಬ್ಬರೇ, ಹೊಸಬರು ಬಂದರೆ ಬೀರುವಿನ ಕೀಲಿ ಮತ್ತು ಹಳೆಯ ರಿಜಿಸ್ಟರು ಕೈಗೆ ಬರುತ್ತದೆ. ಸರಿಯಾದದ್ದೂ ಹಾಗೇ ಮುಂದುವರಿಯುತ್ತದೆ, ತಪ್ಪೂ ಹಾಗೇ ಮುಂದುವರಿಯುತ್ತದೆ. ಹೊರಗಿನಿಂದ ಒಬ್ಬರು ನೋಡುವವರೆಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮ ಕೆಲಸದಲ್ಲಿ ಇನ್ನೊಂದು ಕಷ್ಟವಿದೆ, ಅದನ್ನು ನೀವು ಗಮನಿಸಿರಲಿಕ್ಕಿಲ್ಲ. ಫಿಟರ್‌ಗೆ ಮೋಟರ್ ಕೈಕೊಟ್ಟರೆ ಪಕ್ಕದ ತೋಟದ ಫಿಟರ್‌ನ ಕರೆಯುತ್ತಾನೆ. ಅಕೌಂಟೆಂಟ್‌ಗೆ ಆಡಿಟರ್ ಇದ್ದಾರೆ. ಎಚ್‌ಆರ್‌ನವರ ಮೇಜಿಗೆ ಬರುವ ವಿಷಯಗಳು ಹಾಗಲ್ಲ. ಯಾರಿಗೆ ಏನು ಸಂಬಳ, ಯಾರ ಮೇಲೆ ದೂರು, ಯಾರ ಮನೆಯಲ್ಲಿ ಏನು ರಗಳೆ, ಯಾರನ್ನು ಬರುವ ತಿಂಗಳು ತೆಗೆಯಬೇಕೆಂದಿದ್ದೀರಿ. ಇದನ್ನು ಕಾರ್ಮಿಕರ ಹತ್ತಿರ ಹೇಳುವಂತಿಲ್ಲ, ಸಹೋದ್ಯೋಗಿಗಳ ಹತ್ತಿರ ಹೇಳುವಂತಿಲ್ಲ, ನಮ್ಮ ಗೊಂದಲವನ್ನು ಎಷ್ಟೋ ಸಲ ನಿಮ್ಮ ಹತ್ತಿರವೂ ಹೇಳಲಾಗುವುದಿಲ್ಲ, ಯಾಕೆಂದರೆ ನಿರ್ಧಾರ ನಿಮ್ಮದೇ ಆಗಿರುತ್ತದೆ. ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕ ಗೆಳತಿಗೂ ಹೇಳುವಂತಿಲ್ಲ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹೆಸರು, ಊರು ಬಿಟ್ಟು "ಹೀಗೊಂದು ಪರಿಸ್ಥಿತಿ ಬಂದರೆ ನೀವೇನು ಮಾಡುತ್ತಿದ್ದಿರಿ?" ಅಂತ ಕೇಳಲು ಅದೇ ಕೆಲಸ ಮಾಡುವ ಇನ್ನೊಬ್ಬರು ಬೇಕು. ನನಗೆ ಅಂಥವರು ಸಿಕ್ಕಿದ್ದು ಸಂಘದಲ್ಲಿ.

ಸಂಘಟನೆಯ ಬೆಲೆ ನಿಮಗೆ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ. ದಕ್ಷಿಣ ಭಾರತದ ತೋಟಗಾರರು ಯುಪಾಸಿ ಅನ್ನುವ ತಮ್ಮ ಸಂಘ ಕಟ್ಟಿದ್ದು 1893ರಲ್ಲಿ. ಕಾಫಿ ಬೆಲೆ ಕುಸಿದಾಗ, ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಹುಳ ಬಿದ್ದಾಗ, ಆನೆ ಹಾವಳಿ ಮಿತಿಮೀರಿದಾಗ ನೀವು ಒಟ್ಟಾಗಿಯೇ ಹೋಗಿ ಕೇಳಿದ್ದೀರಿ. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಕ್ಕೆ ಹೋಗಿ ಗಿಡದ ರೋಗ ತೋರಿಸಿ, ಪಕ್ಕದ ತೋಟದವರ ಅನುಭವ ಕೇಳಿ, ಆಮೇಲೆ ತಾನೇ ಔಷಧಿ ಹೊಡೆಸುವುದು? ಕಾರ್ಮಿಕರಿಗೂ ಅವರವರ ಯೂನಿಯನ್ ಇದೆ. ನಿಮಗೂ ಅವರಿಗೂ ನಡುವೆ ನಿಂತು ಎರಡೂ ಕಡೆಯ ಮಾತನ್ನು ತೂಗಿ ನಡೆಸಬೇಕಾದವರು ಮಾತ್ರ ಒಂಟಿಯಾಗಿದ್ದಾರೆ. ಈ ಜಿಲ್ಲೆಯಲ್ಲಿ ಈ ಕೆಲಸದವರು ತಿಂಗಳಿಗೊಮ್ಮೆ ಒಂದೆಡೆ ಕೂರುವುದನ್ನು ಹದಿನಾರು ವರ್ಷದಲ್ಲಿ ನಾನು ಕಂಡಿಲ್ಲ.

ನಮ್ಮ ಕಸುಬು ಹುಟ್ಟಿದ ರೀತಿ ನೋಡಿದರೂ ಸಂಘ ಇದಕ್ಕೆ ಹೊಸದಲ್ಲ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1913ರಲ್ಲಿ ಕಾರ್ಖಾನೆಗಳ ಕಲ್ಯಾಣ ಕೆಲಸಗಾರರು ಸೇರಿ ಕಟ್ಟಿದ ಸಂಘವೇ ಇವತ್ತು ಆ ದೇಶದ ಎಚ್‌ಆರ್ ವೃತ್ತಿಯ ದೊಡ್ಡ ಸಂಸ್ಥೆ. ಭಾರತದಲ್ಲಿ 1931ರಲ್ಲಿ ವರದಿ ಕೊಟ್ಟ, ಕಾರ್ಮಿಕರ ಕುರಿತ ರಾಯಲ್ ಕಮಿಷನ್, ಕಾರ್ಖಾನೆಗಳಲ್ಲಿ ಲೇಬರ್ ಆಫೀಸರ್ ಇರಬೇಕು ಅಂತ ಹೇಳಿತು. ಆಗ ಕೆಲಸಕ್ಕೆ ಆಳು ಸೇರಿಸುವುದೆಲ್ಲ ಮಧ್ಯದ ಜಾಬರ್‌ಗಳ ಕೈಯಲ್ಲಿತ್ತು. ಅವರು ಕೆಲಸ ಕೊಡಿಸಲು ಲಂಚ ತೆಗೆದುಕೊಳ್ಳುತ್ತಿದ್ದರು, ಬೇಡವಾದವರನ್ನು ಹೊರಗಟ್ಟುತ್ತಿದ್ದರು. ಆ ಅಧಿಕಾರವನ್ನು ಅವರ ಕೈಯಿಂದ ಬಿಡಿಸುವುದಕ್ಕೆ ಬಂದ ಹುದ್ದೆ ನಮ್ಮದು. ಮೇಸ್ತ್ರಿಯ ಮುಂಗಡಕ್ಕೆ ಕಟ್ಟುಬಿದ್ದು ಲೈನ್ ಮನೆಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗೆ, ಬಂದವರನ್ನು ನೋಡಿದ ನಮಗೆ ಇದು ಎಲ್ಲೋ ದೂರದ ಇತಿಹಾಸ ಅನ್ನಿಸುವುದಿಲ್ಲ. ಆಮೇಲೆ ಕಲ್ಕತ್ತಾದಲ್ಲೊಂದು, ಬೊಂಬಾಯಿಯಲ್ಲೊಂದು ಸಂಘ ಬೆಳೆದು, 1980ರಲ್ಲಿ ಎರಡೂ ಸೇರಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸೊನೆಲ್ ಮ್ಯಾನೇಜ್‌ಮೆಂಟ್ ಆಯಿತು. ನಾವು ಎನ್‌ಐಪಿಎಂ ಅನ್ನುತ್ತೇವೆ. 1985ರಲ್ಲಿ ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಅನ್ನುವ ಇನ್ನೊಂದು ಸಂಘ ಬಂತು. ನಮಗೆ ಹತ್ತಿರದ ಚಾಪ್ಟರ್‌ಗಳು, ಅಂದರೆ ಶಾಖೆಗಳು, ಮೈಸೂರು ಮತ್ತು ಮಂಗಳೂರಿನಲ್ಲಿವೆ.

2018ರ ಆಗಸ್ಟ್ ತಿಂಗಳನ್ನು ನೀವು ಮರೆತಿಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಕಡೆ ಬೆಟ್ಟಗಳೇ ಜಾರಿ ಬಂದವು, ಸಂಪಾಜೆ ರಸ್ತೆ ಕಡಿದುಹೋಯಿತು. ಆಗ ನಾನು ರೆಸಾರ್ಟ್‌ನಲ್ಲಿದ್ದೆ. ಬುಕಿಂಗ್ ಎಲ್ಲ ರದ್ದು. ಸಿಬ್ಬಂದಿಯಲ್ಲಿ ಕೆಲವರು ಪರಿಹಾರ ಕೇಂದ್ರದಲ್ಲಿ, ಕೆಲವರಿಗೆ ಮನೆಯೇ ಇಲ್ಲ, ಇಬ್ಬರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಮಣ್ಣಿನಡಿ. ಬಾರದ ದಿನಗಳನ್ನು ರಜೆ ಅಂತ ಬರೆಯಬೇಕೋ, ಗೈರುಹಾಜರಿ ಅಂತ ಬರೆಯಬೇಕೋ? ಸಂಬಳ ಅರ್ಧ ಕೊಡಬೇಕೋ ಪೂರ್ತಿ ಕೊಡಬೇಕೋ? ದಾಖಲೆ ಇಲ್ಲದವರಿಗೆ ಹಣ ಹೇಗೆ ಮುಟ್ಟಿಸುವುದು? ಮಾಲೀಕರು ಅವರ ಸ್ವಂತ ತೋಟ ನೋಡಲೂ ಆಗದೆ ಕೂತಿದ್ದರು. ಅವರಿಗೆ ಏನು ಕೇಳಲಿ?

ಮಡಿಕೇರಿಯಲ್ಲಿ ಸಿಗ್ನಲ್ ಸಿಕ್ಕ ಒಂದು ಸಂಜೆ ಸಂಘದ ಗೆಳೆಯರಿಗೆ ಫೋನು ಮಾಡಿದೆ. ಕೇರಳದಲ್ಲೂ ಅದೇ ವಾರ ಪ್ರವಾಹ. ಮೈಸೂರಿನವರೊಬ್ಬರು ಅಲ್ಲಿನ ಹೋಟೆಲ್ ಒಂದರ ಎಚ್‌ಆರ್‌ನವರನ್ನು ಸಂಪರ್ಕಿಸಿ, ಅವರು ತಮ್ಮ ಸಿಬ್ಬಂದಿಗೆ ಹೊರಡಿಸಿದ ಒಂದು ಪುಟದ ಸುತ್ತೋಲೆಯನ್ನು ರಾತ್ರಿಯೇ ನನಗೆ ಕಳಿಸಿಕೊಟ್ಟರು. ವಿಶೇಷ ರಜೆ ಎಷ್ಟು ದಿನ, ಮುಂಗಡ ಎಷ್ಟು, ಯಾರ ಸಹಿ ಸಾಕು, ಎಲ್ಲ ಅದರಲ್ಲಿತ್ತು. ಮಂಗಳೂರಿನ ಇನ್ನೊಬ್ಬರು, ಪ್ರಕೃತಿ ವಿಕೋಪದಲ್ಲಿ ಆಸ್ತಿ ಹಾಳಾದವರಿಗೆ ಪಿಎಫ್‌ನಿಂದ ಮುಂಗಡ ಪಡೆಯುವ ಅವಕಾಶವಿದೆ, ಆದರೆ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ನೆನಪಿಸಿದರು. ಆ ಗಡುವು ನನಗೆ ತಿಳಿದಿರಲಿಲ್ಲ. ಸಂಬಂಧಪಟ್ಟ ಕಚೇರಿಯಿಂದ ಪ್ರಮಾಣಪತ್ರ ಮಾಡಿಸಿ ಒಂಬತ್ತು ಮಂದಿಯ ಅರ್ಜಿ ಹಾಕಿದೆವು. ದೊಡ್ಡ ಹಣವೇನಲ್ಲ. ತಲೆಯ ಮೇಲೆ ಟಾರ್ಪಾಲು ಮಾತ್ರ ಇದ್ದವರಿಗೆ ಆ ಹಣದಲ್ಲಿ ಪಾತ್ರೆ ಬಂತು, ಮಕ್ಕಳಿಗೆ ಬಟ್ಟೆ ಬಂತು. ಆ ವರ್ಷ ಸದಸ್ಯತ್ವ ನವೀಕರಿಸುವಾಗ ಶುಲ್ಕ ಎಷ್ಟು ಅಂತ ಮಾಲೀಕರು ಕೇಳಲಿಲ್ಲ.

ಈಗ ಈ ಪತ್ರ ಬರೆಯಲು ಕಾರಣ ಹೊಸ ಕಾರ್ಮಿಕ ಸಂಹಿತೆಗಳು. 2025ರ ನವೆಂಬರ್ 21ರಿಂದ ನಾಲ್ಕೂ ಸಂಹಿತೆಗಳು ಜಾರಿಗೆ ಬಂದವು, ಹಳೆಯ 29 ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. 1951ರ ತೋಟ ಕಾರ್ಮಿಕರ ಕಾಯ್ದೆಯೂ ಅವುಗಳಲ್ಲಿ ಒಂದು. ನಮ್ಮ ಬೀರುವಿನಲ್ಲಿರುವ ಹಳೆಯ ರಿಜಿಸ್ಟರುಗಳ ಬಹುಪಾಲು ಆ ಕಾಯ್ದೆ ನೋಡಿ ಮಾಡಿದ್ದು. ಸಂಬಳ ಅನ್ನುವ ಪದದ ಅರ್ಥವೇ ಬದಲಾಗಿದೆ: ಭತ್ಯೆಗಳೆಲ್ಲ ಸೇರಿ ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದ ಭಾಗವೂ ಸಂಬಳಕ್ಕೇ ಸೇರುತ್ತದೆ. ಹಾಗಾದರೆ ಗ್ರಾಚ್ಯುಟಿ ಲೆಕ್ಕ ಮತ್ತೆ ಬೇರೆ. ಹಿಂದೆ 30 ಮತ್ತು 26ರಲ್ಲಿ ಎಡವಿದ ನಮ್ಮಂಥವರು ಇಲ್ಲಿ ಎಲ್ಲೆಲ್ಲಿ ಎಡವಬಹುದು ಯೋಚಿಸಿ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಇಷ್ಟು ಅವಧಿಗೆ ಅಂತ ನಿಗದಿ ಮಾಡಿ ತೆಗೆದುಕೊಂಡ ನೌಕರರಿಗೆ, ರೆಸಾರ್ಟ್‌ಗಳಲ್ಲಿ ಇಂಥವರೇ ಹೆಚ್ಚು, ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ ಉಂಟು. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಅಸ್ಸಾಂ, ಜಾರ್ಖಂಡ್‌ನಿಂದ ಕುಯ್ಲಿಗೆ ಬರುವವರಿಗೆ ಅಂತರರಾಜ್ಯ ವಲಸೆ ಕಾರ್ಮಿಕರ ನಿಯಮದಂತೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚಿನ ವಿಷಯವಿದೆ. ಅದು ಯಾರಿಗೆ, ಎಷ್ಟು ದಿನ ದುಡಿದಿರಬೇಕು, ಕಂಟ್ರಾಕ್ಟರ್ ಮೂಲಕ ಬಂದವರಾದರೆ ಹೊಣೆ ಯಾರದು?

ಇದನ್ನೆಲ್ಲ ಕಚೇರಿಯಲ್ಲಿ ಒಬ್ಬರೇ ಕೂತು, ಇಂಗ್ಲಿಷಿನ ಗೆಜೆಟ್ ಓದಿ, ಸರಿಯಾಗಿ ಅರ್ಥಮಾಡಿಕೊಂಡು, ಬಟವಾಡೆ ದಿನ ತಪ್ಪದೆ ಜಾರಿ ಮಾಡಿ ಅಂತ ನಿಮ್ಮ ಎಚ್‌ಆರ್‌ನವರಿಗೆ ಹೇಳುವುದು ನ್ಯಾಯವೇ? ಹಳೆಯ ಕಾಯ್ದೆಯಲ್ಲಿ 300 ಕಾರ್ಮಿಕರಿದ್ದ ತೋಟಕ್ಕೆ ಕಲ್ಯಾಣಾಧಿಕಾರಿ ಬೇಕಿತ್ತು, ಹೊಸದರಲ್ಲಿ ಆ ಸಂಖ್ಯೆ 250. ಕೊಡಗಿನ ಬಹುಪಾಲು ತೋಟಗಳು ಅಷ್ಟು ದೊಡ್ಡವಲ್ಲ. ಆದ್ದರಿಂದ ಕಲ್ಯಾಣಾಧಿಕಾರಿಯ ಕೆಲಸ, ಲೇಬರ್ ಆಫೀಸರ್ ಕೆಲಸ, ಪಿಎಫ್ ಗುಮಾಸ್ತರ ಕೆಲಸ, ಮೂರೂ ಒಬ್ಬ ರೈಟರ್ ತಲೆಮೇಲಿದೆ. ದೊಡ್ಡ ಕಂಪನಿಗೆ ಬೆಂಗಳೂರಿನಲ್ಲಿ ವಕೀಲರ ದಂಡೇ ಇರುತ್ತದೆ. ಸಂಘದ ಅಗತ್ಯ ಹೆಚ್ಚಿರುವುದು ಸಣ್ಣವರಿಗೇ.

ಇನ್ನೊಂದು ವಿಷಯ ಹೆಂಗಸಾಗಿ ಹೇಳಲೇಬೇಕು. 2013ರ ಕಾಯ್ದೆಯಂತೆ ಹತ್ತು ಜನರಿರುವ ಯಾವ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಸಿಬ್ಬಂದಿ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಜೊತೆಗೆ ವಿಷಯ ತಿಳಿದ ಹೊರಗಿನವರೊಬ್ಬರು. ಈ ಹೊರಗಿನ ಸದಸ್ಯರು ಎಲ್ಲಿ ಸಿಗುತ್ತಾರೆ? ನಾನು ಕಂಡ ಎಷ್ಟೋ ಕಡೆ ಆ ಜಾಗದಲ್ಲಿ ಮಾಲೀಕರ ನೆಂಟರ ಹೆಸರಿತ್ತು, ಅವರಿಗೇ ಅದು ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಅಳುತ್ತಾ ಬಂದು ಬಾಗಿಲು ತಟ್ಟಿದ ದಿನ ಆ ಕಾಗದದ ಸಮಿತಿಯಿಂದ ಏನೂ ಆಗುವುದಿಲ್ಲ. ಸಂಘದ ಮೂಲಕ ನನಗೆ ಪರಿಚಯವಾದ ಇಬ್ಬರು ಅನುಭವಿ ಮಹಿಳೆಯರು ಈಗ ನಾವು ನೋಡಿಕೊಳ್ಳುವ ತೋಟಗಳ ಸಮಿತಿಯಲ್ಲಿದ್ದಾರೆ. ಲೈನ್ ಮನೆಗಳಿಗೆ ಬಂದು, ಎರವರು, ಜೇನುಕುರುಬರು, ಅಸ್ಸಾಮಿನವರು ಎಲ್ಲರನ್ನೂ ಕೂರಿಸಿ, ದೂರು ಅಂದರೇನು, ಯಾರಿಗೆ ಹೇಳಬೇಕು ಅಂತ ಮಾತಾಡಿದರು. ಆ ಮಧ್ಯಾಹ್ನ ಮೇಸ್ತ್ರಿಗಳೂ ಬಂದು ಹಿಂದೆ ನಿಂತು ಕೇಳಿದರು.

ನಿಮ್ಮ ಆತಂಕಗಳು ನನಗೆ ಗೊತ್ತು. "ನಮ್ಮ ಒಳಗಿನ ಮಾತು ಹೊರಗೆ ಹೋಗುತ್ತದೆ" ಅಂತ ಒಬ್ಬ ಹಿರಿಯ ಮಾಲೀಕರು ನನಗೆ ನೇರವಾಗಿಯೇ ಹೇಳಿದ್ದರು. ಗುಟ್ಟು ಕಾಯುವುದು ನಮ್ಮ ವೃತ್ತಿಧರ್ಮ. ಸಭೆಯಲ್ಲಿ ಹೆಸರು ಹೇಳಿ ಮಾತಾಡಿದವರನ್ನು ಅಲ್ಲಿಯೇ ತಡೆಯುವುದನ್ನು ನೋಡಿದ್ದೇನೆ. "ಒಳ್ಳೆಯ ಕೆಲಸ ಸಿಕ್ಕರೆ ಬಿಟ್ಟು ಹೋಗುತ್ತಾರೆ" ಅನ್ನುವುದು ನಿಜವೂ ಹೌದು, ಕೆಲವರು ಹೋಗುತ್ತಾರೆ. ಆದರೆ ಹಾಗೆ ಹೋಗುವವರು ಫೋನಿನಲ್ಲೇ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಅದಕ್ಕೆ ಸಂಘವೇ ಬೇಕಿಲ್ಲ. ಕಲಿಯಲು ಕಳಿಸಿಕೊಟ್ಟ ಮಾಲೀಕರನ್ನು ನಾನಂತೂ ಅಷ್ಟು ಸುಲಭವಾಗಿ ಬಿಡಲಿಲ್ಲ, ಅಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ.

ಸಂಘಗಳಲ್ಲಿ ದೋಷವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಲವು ಸಭೆಗಳಲ್ಲಿ ಶಾಲು, ಹಾರ, ಫೋಟೋ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಐಟಿ ಕಂಪನಿಯ ಸಮಸ್ಯೆಗಳನ್ನೇ ಎರಡು ಗಂಟೆ ಕೇಳಿ, ನಮ್ಮ ಲೈನ್ ಮನೆಯ ನೀರಿನ ಮಾತೇ ಬಾರದೆ ಎದ್ದು ಬಂದದ್ದೂ ಉಂಟು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಸಣ್ಣ ಜಿಲ್ಲೆಯಲ್ಲಿ ಎಚ್‌ಆರ್‌ನವರೆಲ್ಲ ಸೇರಿದರೆ "ಇಂಥವನನ್ನು ಕೆಲಸಕ್ಕೆ ಸೇರಿಸಬೇಡಿ, ಯೂನಿಯನ್ ಮಾತಾಡುತ್ತಾನೆ" ಅನ್ನುವ ಪಟ್ಟಿ ಕೈಯಿಂದ ಕೈಗೆ ಹೋಗಬಹುದು. ಕುಯ್ಲಿನ ಕೂಲಿ ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಅಂತ ಒಳಒಪ್ಪಂದ ಆಗಬಹುದು. ಅಂಥ ಕೂಟ ಆಗುವುದಾದರೆ ನನಗೆ ಅದು ಬೇಡ, ನಾನೇ ಮೊದಲು ಎದ್ದು ಹೊರಡುತ್ತೇನೆ. ನಾವು ಸೇರಬೇಕಾದದ್ದು ಕೆಲಸವನ್ನು ಸರಿಯಾಗಿ ಮಾಡುವುದು ಕಲಿಯಲಿಕ್ಕೆ, ದುಡಿಯುವವರ ದಾರಿ ಮುಚ್ಚಲಿಕ್ಕಲ್ಲ.

ನನ್ನಂತೆಯೇ ಕೆಲಸ ಮಾಡುತ್ತಿರುವ ಗೆಳೆಯ ಗೆಳತಿಯರಿಗೂ ಒಂದು ಮಾತು. ಸದಸ್ಯತ್ವದ ಸರ್ಟಿಫಿಕೇಟು ಗೋಡೆಗೆ ಹಾಕಿದರೆ ಸಾಲದು. ನಾನು ಮೊದಲ ಎರಡು ವರ್ಷ ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಬಂದೆ. ಮೂರನೇ ವರ್ಷ ಯಾರೋ ಒತ್ತಾಯ ಮಾಡಿ, ತೋಟದ ಕಾರ್ಮಿಕರ ಮಕ್ಕಳ ಶಿಶುವಿಹಾರದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿಸಿದರು. ಅದಕ್ಕಾಗಿ ಒಂದು ತಿಂಗಳು ಓದಿದೆ, ಐದು ತೋಟ ಸುತ್ತಿದೆ. ಅಷ್ಟು ಕಲಿತದ್ದು ಯಾವ ತರಬೇತಿಯಲ್ಲೂ ಇಲ್ಲ. ಹೋದರೆ ಕೇಳಿ, ಕೇಳಿದರೆ ಹೇಳಿ, ಚಾಪೆ ಹಾಸುವ ಕೆಲಸವಾದರೂ ವಹಿಸಿಕೊಳ್ಳಿ.

ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ತಿಂಗಳು ತಿಂಗಳು ಎಲ್ಲರೂ ಹೋಗಿಬರುವುದು ಕಷ್ಟ, ಅದರಲ್ಲೂ ಸಂಜೆ ಮಕ್ಕಳಿಗಾಗಿ ಮನೆ ಸೇರಬೇಕಾದ ಹೆಂಗಸರಿಗೆ. ಆದ್ದರಿಂದ ನಮ್ಮಲ್ಲೇ ಕೂರೋಣ ಅನ್ನುವುದು ನನ್ನ ಆಲೋಚನೆ. ಮೈಸೂರು ಚಾಪ್ಟರ್‌ನ ಹಿರಿಯರನ್ನು ಕೇಳಿಕೊಂಡರೆ ಅವರೇ ಇಲ್ಲಿಗೆ ಬಂದು ಕಲಿಸುತ್ತಾರೆ. ಕಕ್ಕಡದ, ಅಂದರೆ ಆಟಿ ತಿಂಗಳ, ಮಳೆಯಲ್ಲಿ ರಸ್ತೆ ನಂಬುವಂತಿಲ್ಲ, ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಕಾಯುವ ಕಾಲ, ಬೇಸಗೆಯಲ್ಲಿ ರೆಸಾರ್ಟಿನವರಿಗೆ ಉಸಿರಾಡಲು ಬಿಡುವಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಕುಯ್ಲು ಶುರುವಾಗುವ ಮುಂಚೆ ಎರಡು ತಿಂಗಳು ಸಿಗುತ್ತದೆ. ಅಲ್ಲಿಂದ ಶುರುಮಾಡಿ, ಕುಯ್ಲಿನ ತಿಂಗಳುಗಳಲ್ಲಿ ಅರ್ಧ ದಿನಕ್ಕೆ ಇಳಿಸಿಕೊಂಡರೆ ಯಾರ ಕೆಲಸವೂ ಕೆಡುವುದಿಲ್ಲ.

ಸೆಪ್ಟೆಂಬರ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕುಶಾಲನಗರದಲ್ಲಿ ಮೊದಲ ಸಲ ಸೇರೋಣ ಅಂತ ಆರು ಮಂದಿ ಮಾತಾಡಿಕೊಂಡಿದ್ದೇವೆ. ಮೊದಲ ದಿನದ ವಿಷಯ ಗ್ರಾಚ್ಯುಟಿ ಲೆಕ್ಕ, ಹೊಸ ಸಂಹಿತೆಯ ಪ್ರಕಾರ. ಪ್ರತಿಯೊಬ್ಬರೂ ತಮ್ಮ ಕಚೇರಿಯ ಒಂದು ಹಳೆಯ ಲೆಕ್ಕವನ್ನು ಹೆಸರು ಅಳಿಸಿ ತರಬೇಕು, ಎಲ್ಲರೂ ಸೇರಿ ಅದನ್ನು ಮತ್ತೆ ಹಾಕಿ ನೋಡುವುದು. ನಾನು ಆ 9,100 ರೂಪಾಯಿಯ ಹಾಳೆ ತರುತ್ತೇನೆ. ನಿಮ್ಮ ಕಚೇರಿಯವರು ಆ ಶನಿವಾರಕ್ಕೆ ರಜೆ ಚೀಟಿ ತಂದರೆ ದಯವಿಟ್ಟು ಸಹಿ ಹಾಕಿಕೊಡಿ, ಸಾಧ್ಯವಾದರೆ ಬಸ್ ಚಾರ್ಜನ್ನೂ ಕೊಟ್ಟು ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ಎಚ್‌ಆರ್ ಉದ್ಯೋಗಿ